ನಮ್ಮ ಹೆದರಿಕೆಯನ್ನು ಊಹಿಸುವ ಯಂತ್ರ

ವಿಮಾನ ಅಪಘಾತದ ಸುದ್ದಿ ಬಂದ ದಿನ ಮನೆಮಂದಿಯೆಲ್ಲ ಅದನ್ನೇ ಮಾತಾಡುತ್ತೇವೆ. ಕೆಲವರು ಕಾದಿರಿಸಿದ ಟಿಕೆಟ್ಟನ್ನೇ ರದ್ದು ಮಾಡುವುದೂ ಉಂಟು. ಅದೇ ಸಂಜೆ ಹೆಲ್ಮೆಟ್ ಇಲ್ಲದೆ, ಮುಂದೊಂದು ಹಿಂದೊಂದು ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಪೇಟೆಗೆ ಹೋಗಿಬರುತ್ತೇವೆ. ಯಾರ ಎದೆಯೂ ನಡುಗುವುದಿಲ್ಲ. ಭಾರತದ ರಸ್ತೆಗಳಲ್ಲಿ 2022ರ ಒಂದೇ ವರ್ಷ 1.68 ಲಕ್ಷ ಜನ ಪ್ರಾಣ ಕಳೆದುಕೊಂಡರೆಂಬುದು ಸರ್ಕಾರದ್ದೇ ಲೆಕ್ಕ.

ಅಪಾಯ ಒಂದು, ಅದರ ಬಗ್ಗೆ ನಮಗಿರುವ ಭಯ ಇನ್ನೊಂದು. ಈ ಭಯವನ್ನು ಈಗ ಕಂಪ್ಯೂಟರ್ ಮುಂಚಿತವಾಗಿಯೇ ಊಹಿಸಬಲ್ಲದು. ಅದು ಹೇಗೆಂದು ತಿಳಿದರೆ ನಮ್ಮ ಆರೋಗ್ಯಕ್ಕೂ ಲಾಭವಿದೆ.

ತಜ್ಞರ ಪಟ್ಟಿ, ಜನರ ಪಟ್ಟಿ

1970ರ ದಶಕದಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪಾಲ್ ಸ್ಲೋವಿಕ್ ಮತ್ತು ಅವರ ಸಂಗಡಿಗರಾದ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ನಡೆಸಿದರು. ಮೂವತ್ತು ಚಟುವಟಿಕೆ ಮತ್ತು ತಂತ್ರಜ್ಞಾನಗಳ ಹೆಸರು ಕೊಟ್ಟು, ಅಪಾಯದ ಕ್ರಮದಲ್ಲಿ ಜೋಡಿಸುವಂತೆ ಜನಸಾಮಾನ್ಯರನ್ನೂ ತಜ್ಞರನ್ನೂ ಕೇಳಿದರು. ಮಹಿಳಾ ಮತದಾರರ ಸಂಘವೊಂದರ ಸದಸ್ಯರು ಅಣುವಿದ್ಯುತ್ತಿಗೆ ಮೊದಲ ಸ್ಥಾನ ಕೊಟ್ಟರು. ತಜ್ಞರ ಪಟ್ಟಿಯಲ್ಲಿ ಅದು ಇಪ್ಪತ್ತನೆಯದು. ಎಕ್ಸ್-ರೇ ವಿಷಯದಲ್ಲಿ ಲೆಕ್ಕ ತಿರುವುಮುರುವು: ತಜ್ಞರಿಗೆ ಅದು ಏಳನೆಯದು, ಆ ಸಂಘದವರಿಗೆ ಇಪ್ಪತ್ತೆರಡನೆಯದು.

ಎರಡರಲ್ಲೂ ಇರುವುದು ವಿಕಿರಣವೇ. ಆದರೆ ಎಕ್ಸ್-ರೇ ನಮಗೆ ಪರಿಚಿತ. ಡಾಕ್ಟರು ನಮ್ಮ ಒಳಿತಿಗೇ ಬರೆದುಕೊಟ್ಟದ್ದು. ಅಣುಸ್ಥಾವರವೆಂದರೆ ಬಾಂಬು, ಸಾಮೂಹಿಕ ಸಾವು, ಮುಂದಿನ ಪೀಳಿಗೆಗೂ ತಟ್ಟುವ ಕೇಡು ಕಣ್ಣಮುಂದೆ ಬರುತ್ತವೆ. ತಜ್ಞರು ಹೆಚ್ಚಾಗಿ ಸಾವಿನ ಸಂಖ್ಯೆ ನೋಡುತ್ತಾರೆ. ನಾವು ಅದು ಎಷ್ಟು ಘೋರ, ಎಷ್ಟು ಹೊಸದು, ನಮ್ಮ ಹಿಡಿತದಲ್ಲಿದೆಯೇ ಎಂಬುದನ್ನು ನೋಡುತ್ತೇವೆ. ಇದನ್ನು ಅಜ್ಞಾನವೆಂದು ತಳ್ಳಿಹಾಕಬೇಕಿಲ್ಲ. ಸಂಖ್ಯೆಯಲ್ಲಿ ಸೇರದ ಕಾಳಜಿಗಳೂ ಅದರಲ್ಲಿ ಇರುತ್ತವೆ.

ಯಂತ್ರ ಕಲಿಯುವ ಬಗೆ

ಒಂದು ಪದದ ಗುಣವನ್ನು ಅದರ ಸಹವಾಸದಿಂದ ತಿಳಿಯಬಹುದು. ‘ಬೆಲ್ಲ’, ‘ಸಕ್ಕರೆ’ ಎಂಬ ಪದಗಳ ಅಕ್ಕಪಕ್ಕ ಸಿಹಿ, ಪಾಯಸ, ಕಬ್ಬು ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಹೀಗಾಗಿ ಇವೆರಡೂ ಹತ್ತಿರದ ನಂಟಿನವು ಎಂದು, ಬೆಲ್ಲ ತಿನ್ನದ ಕಂಪ್ಯೂಟರೂ ಕಂಡುಕೊಳ್ಳುತ್ತದೆ. 2013ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಸುಮಾರು ಹತ್ತು ಸಾವಿರ ಕೋಟಿ ಪದಗಳಷ್ಟು ಸುದ್ದಿಬರಹವನ್ನು ಕಂಪ್ಯೂಟರಿಗೆ ಉಣಿಸಿ, ಪ್ರತಿ ಪದಕ್ಕೂ 300 ಅಂಕಿಗಳ ಒಂದು ‘ಜಾತಕ’ ಸಿದ್ಧಪಡಿಸಿದರು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸುದೀಪ್ ಭಾಟಿಯಾ ಇಂಥ ಪದಜಾತಕಗಳನ್ನು ಬಳಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಸ್ತು, ಚಟುವಟಿಕೆಗಳು ಎಷ್ಟು ಅಪಾಯಕಾರಿ ಎಂದು ಜನರಿಂದ ಅಂಕ ಹಾಕಿಸಲಾಯಿತು. ಅವುಗಳಲ್ಲಿ ಕೆಲವನ್ನು ತೋರಿಸಿ ಕಂಪ್ಯೂಟರಿಗೆ ಕಲಿಸಿದ ಮೇಲೆ, ಅದು ಕಾಣದ ಉಳಿದವುಗಳ ಬಗ್ಗೆ ಊಹಿಸಲು ಬಿಡಲಾಯಿತು. ಊಹೆ ಜನರು ಕೊಟ್ಟ ಸರಾಸರಿ ಅಂಕಕ್ಕೆ ಸಾಕಷ್ಟು ಹತ್ತಿರ ಬಂತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಆ ಯಂತ್ರಕ್ಕೆ ಆಸ್ಪತ್ರೆಯ ದಾಖಲೆಯನ್ನಾಗಲಿ ಸಾವಿನ ಲೆಕ್ಕವನ್ನಾಗಲಿ ಯಾರೂ ಕೊಟ್ಟಿರಲಿಲ್ಲ. ಸುದ್ದಿಯಲ್ಲಿ ಯಾವ ಪದದ ಜೊತೆ ಯಾವ ಪದ ಬರುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅಷ್ಟರಿಂದಲೇ ನಮ್ಮ ಭಯವನ್ನು ಊಹಿಸಬಹುದಾದರೆ, ನಮ್ಮ ಭಯವೂ ಬಹುಪಾಲು ಕೇಳಿದ, ಓದಿದ ಮಾತುಗಳ ಜೊತೆಯಲ್ಲೇ ಬೆಳೆದಿದೆ ಎಂದಾಯಿತು.

ಯಂತ್ರಕ್ಕೆ ಮಿತಿಯೂ ಇದೆ. ಅದು ಹೇಳುವುದು ಸರಾಸರಿ ಮಾತು, ನಿಮ್ಮೊಬ್ಬರ ಮನಸ್ಸನ್ನಲ್ಲ. ಅದು ಕಲಿತದ್ದು ಇಂಗ್ಲಿಷ್ ಸುದ್ದಿಗಳಿಂದ. ರಾತ್ರಿ ಗದ್ದೆಗೆ ನೀರು ಬಿಡಲು ಹೋಗುವ ರೈತನಿಗೆ ಹಾವಿನ ಭಯ ಎಷ್ಟೆಂದು ಅದಕ್ಕೇನು ಗೊತ್ತು?

ಭಯಕ್ಕೆ ತೆತ್ತ ಬೆಲೆ

1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ನೀಡಿತು. ಹೊಸ ಬಗೆಯ ಗರ್ಭನಿರೋಧಕ ಗುಳಿಗೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ‘ಎರಡು ಪಟ್ಟು’ ಆಗುತ್ತದೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಗಾಬರಿಗೊಂಡ ಅನೇಕ ಮಹಿಳೆಯರು ಗುಳಿಗೆಯನ್ನೇ ಬಿಟ್ಟರು. ನಿಜವಾದ ಲೆಕ್ಕವೇನು? ಹಳೆಯ ಗುಳಿಗೆ ನುಂಗುವ 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದ ತೊಂದರೆ, ಹೊಸದರಲ್ಲಿ ಇಬ್ಬರಿಗೆ ಆಗುತ್ತಿತ್ತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು ಮಾಡಲಾಗಿದೆ. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಸಂಭವ ಆ ಗುಳಿಗೆಗಿಂತಲೂ ಹೆಚ್ಚು!

ಎಚ್ಚರಿಕೆ ಸುಳ್ಳಾಗಿರಲಿಲ್ಲ. ಅದನ್ನು ಹೇಳಿದ ರೀತಿ ಮನೆಮನೆಯಲ್ಲಿ ಭಯ ಬಿತ್ತಿತು. ಯಾವ ಮಾತಿಗೆ ಜನ ಹೇಗೆ ಬೆದರುತ್ತಾರೆಂದು ಮೊದಲೇ ತಿಳಿದಿದ್ದರೆ, ‘7,000ದಲ್ಲಿ ಒಬ್ಬರಿಂದ ಇಬ್ಬರಿಗೆ’ ಎಂದು ಬಿಡಿಸಿ ಹೇಳಬಹುದಿತ್ತು. ಹೊಸ ಲಸಿಕೆ ಬರುವ ಮುನ್ನವೇ ಜನರ ಅನುಮಾನಗಳಿಗೆ ಉತ್ತರ ಸಿದ್ಧಮಾಡಿಕೊಳ್ಳಲು ಆರೋಗ್ಯ ಇಲಾಖೆಗಳಿಗೆ ಇಂಥ ಯಂತ್ರ ನೆರವಾಗಬಲ್ಲದು. ಭಯ ಹುಟ್ಟಿಸಿ ಸರಕು ಮಾರುವವರ ಕೈಗೂ ಅದೇ ಯಂತ್ರ ಸಿಗಬಹುದು ಎಂಬುದನ್ನೂ ಮರೆಯಬಾರದು.

ನೀವೇನು ಮಾಡಬಹುದು?

ಆರೋಗ್ಯದ ಸುದ್ದಿಯೊಂದು ಗಾಬರಿ ಹುಟ್ಟಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಎಷ್ಟು ಜನರಲ್ಲಿ ಎಷ್ಟು ಮಂದಿಗೆ? ‘ಎರಡು ಪಟ್ಟು’, ‘ಶೇಕಡಾ ನೂರು ಹೆಚ್ಚಳ’ ಎಂದಷ್ಟೇ ಹೇಳಿದ್ದರೆ ಅದು ಅರ್ಧ ಮಾತು.

ಎರಡು: ಇದು ಸುದ್ದಿಯಾದದ್ದು ಅಪರೂಪವೆಂದೋ, ಹೆಚ್ಚು ಜನರಿಗೆ ಆಗುತ್ತಿದೆ ಎಂದೋ? ದಿನನಿತ್ಯದ ಕಾಯಿಲೆ ಮುಖಪುಟಕ್ಕೆ ಬರುವುದು ಕಡಿಮೆ.

ಮೂರು: ಹೆದರಿ ಇದನ್ನು ಬಿಟ್ಟರೆ ಬದಲಿಗೆ ಬರುವ ಅಪಾಯವೇನು? ಸುದ್ದಿ ಓದಿ ಮಾತ್ರೆ ನಿಲ್ಲಿಸಬೇಡಿ. ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಸದ್ದಿಲ್ಲದೆ ಬರುವ ಈ ಕಾಯಿಲೆಗೆ ನಾವು ಬೆಚ್ಚುವುದಿಲ್ಲ. ಪರೀಕ್ಷೆಯನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳುತ್ತೇವೆ.

ಈ ಭಾನುವಾರ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ನಮಗೆ ಯಾವುದರ ಭಯ ಎಂಬುದು ಎಡಕ್ಕೆ. ಯಾವುದರಿಂದ ಕಾಪಾಡಿಕೊಳ್ಳಲು ಏನು ಮಾಡಿದ್ದೇವೆ ಎಂಬುದು ಬಲಕ್ಕೆ. ಹೆಲ್ಮೆಟ್, ರಕ್ತದೊತ್ತಡದ ತಪಾಸಣೆ, ಸಕ್ಕರೆ ಪರೀಕ್ಷೆ, ಮಕ್ಕಳ ಲಸಿಕೆ ಇವು ಬಲಗಡೆಯಲ್ಲಿ ಕಾಣದಿದ್ದರೆ ಸೋಮವಾರದ ಮೊದಲ ಕೆಲಸ ಅದೇ ಆಗಲಿ.