ಮಂದಗತಿಯ ಸಂಪರ್ಕದಲ್ಲಿ ಹಸ್ತಪ್ರತಿ ಚಿತ್ರಗಳ ರವಾನೆ: ಕಾಲಮಿತಿ ದೋಷಗಳ ವಿಚಾರ

ಪ್ರತಿಮಾಡುವಾಗ ಲಿಪಿಕಾರನ ಅನವಧಾನದಿಂದ ಪಂಕ್ತಿಗಳು ಬಿಟ್ಟುಹೋಗುವುದು ಗ್ರಂಥಸಂಪಾದಕರಿಗೆ ಸುಪರಿಚಿತವಾದ ಸಂಗತಿ. ಓಲೆಗರಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದ ಮೂಲಕ ದೂರದ ಭಂಡಾರಕ್ಕೆ ಕಳುಹಿಸುವ ಈ ಕಾಲದಲ್ಲಿ ಅಂತಹುದೇ ಲೋಪವು ಬೇರೊಂದು ದಾರಿಯಿಂದ ಒಳಬರುತ್ತದೆ. ತಾನಾಗಿ ನಡೆಯುವಂತೆ ಬರೆದಿಟ್ಟ ಆದೇಶಸರಣಿಯು, ಎಂದರೆ ಸ್ಕ್ರಿಪ್ಟು, ನಡುವೆ ನಿಂತರೆ ಗರಿಯ ಚಿತ್ರವು ಅರ್ಧಕ್ಕೇ ಉಳಿಯುತ್ತದೆ.

ಬೀದರ್ ಜಿಲ್ಲೆಯ ಹುಮನಾಬಾದಿನಿಂದ ಶ್ರವಣಬೆಳಗೊಳಕ್ಕೆ 100 ಮೆಗಾಬೈಟಿನ ಚಿತ್ರವೊಂದನ್ನು ಕಳುಹಿಸಬೇಕಾಗಿದೆಯೆಂದು ಭಾವಿಸಬಹುದು. ಸಂಪರ್ಕದ ವೇಗವು ಸೆಕೆಂಡಿಗೆ 512 ಕಿಲೋಬಿಟ್ ಆದರೆ, ಬೈಟಿಗೆ 8 ಬಿಟ್‌ಗಳಂತೆ, ಸುಮಾರು 26 ನಿಮಿಷಗಳು ಬೇಕು. ಸ್ಕ್ರಿಪ್ಟಿನಲ್ಲಿ 10 ನಿಮಿಷಗಳ ಒಟ್ಟು ಮಿತಿಯಿದ್ದು, ಪ್ರತಿಸಲವೂ ಮೊದಲಿನಿಂದಲೇ ಆರಂಭವಾಗುವಂತಿದ್ದರೆ, ಎಷ್ಟು ಬಾರಿ ಯತ್ನಿಸಿದರೂ ಆ ಚಿತ್ರವು ತಲಪದು. ಇಲ್ಲಿ ದೋಷವಿರುವುದು ಸಂಪರ್ಕದಲ್ಲಲ್ಲ, ಮಿತಿಯಲ್ಲಿ.

ಆದುದರಿಂದ ಎರಡು ಬಗೆಯ ಕಾಲಮಿತಿಗಳನ್ನು ಬೇರ್ಪಡಿಸಿ ಅರಿಯಬೇಕು. ಒಂದು, ಇಡೀ ಕಾರ್ಯಕ್ಕೆ ವಿಧಿಸಿದ ಮಿತಿ. ಇನ್ನೊಂದು, ದತ್ತಾಂಶದ ಹರಿವು ನಿಂತ ಬಳಿಕ ಕಾಯುವ ಮಿತಿ. ಕರ್ಲ್ ಎಂಬ ಸಾಧನದಲ್ಲಿ ‘ಮ್ಯಾಕ್ಸ್-ಟೈಮ್’ ಮೊದಲನೆಯದು. ‘ಸ್ಪೀಡ್-ಲಿಮಿಟ್’, ‘ಸ್ಪೀಡ್-ಟೈಮ್’ಗಳು ಎರಡನೆಯದಕ್ಕೆ ಸಮೀಪವಾದವು, ನಿಗದಿತ ಅವಧಿಯುದ್ದಕ್ಕೂ ವೇಗವು ಕನಿಷ್ಠಕ್ಕಿಂತ ಕೆಳಗಿದ್ದರೆ ಮಾತ್ರ ಅವು ಕೆಲಸವನ್ನು ನಿಲ್ಲಿಸುತ್ತವೆ. 1996ರಲ್ಲಿ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ಪ್ರಕಟಿಸಿದ ಆರ್‌ಸಿಂಕ್‌ನ ‘ಟೈಮೌಟ್’ ಕೂಡ ಸ್ತಬ್ಧತೆಯನ್ನೇ ಎಣಿಸುತ್ತದೆ. ಅದರ ಸಹಜ ಮೌಲ್ಯ 0, ಎಂದರೆ ಮಿತಿಯೇ ಇಲ್ಲ. ಮಂದವಾದರೂ ಹರಿಯುತ್ತಿರುವ ಸಂಪರ್ಕಕ್ಕೆ ಎರಡನೆಯ ಬಗೆಯೇ ಯುಕ್ತವಾದುದು.

ಕಾರಣವನ್ನು ನಿರ್ಣಯಿಸಲು ಸಾಧನವು ಕೊನೆಯಲ್ಲಿ ನೀಡುವ ಸಂಕೇತಾಂಕವನ್ನು ದಾಖಲಿಸಬೇಕು. ಕರ್ಲ್‌ನಲ್ಲಿ 28, ಆರ್‌ಸಿಂಕ್‌ನಲ್ಲಿ 30 ಕಾಲಮಿತಿ ಮೀರಿದುದನ್ನು ಸೂಚಿಸುತ್ತವೆ. ಕೆಲವೊಮ್ಮೆ ಮಾರ್ಗಮಧ್ಯದ ಉಪಕರಣವು ಮೌನವಾಗಿರುವ ಸಂಪರ್ಕವನ್ನು ಕಡಿದುಹಾಕುತ್ತದೆ. ಅದಕ್ಕೆ ಎಸ್‌ಎಸ್‌ಎಚ್‌ನ ‘ಸರ್ವರ್ ಅಲೈವ್ ಇಂಟರ್ವಲ್’ ಅನ್ನು 60 ಸೆಕೆಂಡಿಗೆ ಇರಿಸಿದರೆ, ಮೌನದ ನಡುವೆಯೂ ಆಗಾಗ ಕುಶಲಪ್ರಶ್ನೆ ನಡೆಯುತ್ತದೆ.

ನಿಂತಲ್ಲಿಂದ ಮುಂದುವರಿಯುವ ವ್ಯವಸ್ಥೆಯೂ ಅಗತ್ಯ. ಎಸ್‌ಸಿಪಿಗೆ ಆ ಸಾಮರ್ಥ್ಯವಿಲ್ಲ. ಆರ್‌ಸಿಂಕ್ ಸಹ, ಬೇರೆ ಸೂಚನೆಯಿಲ್ಲದಿದ್ದರೆ, ಅಪೂರ್ಣ ಭಾಗವನ್ನು ಅಳಿಸಿಬಿಡುತ್ತದೆ. ‘ಪಾರ್ಷಿಯಲ್’ ಎಂದು ಸೂಚಿಸಿದರೆ ಅದು ಉಳಿಯುತ್ತದೆ; ಆದರೆ ಪೂರ್ಣ ಕಡತದ ಹೆಸರಿನಲ್ಲೇ ಉಳಿಯುವುದರಿಂದ ತ್ರುಟಿತ ಪ್ರತಿಯು ಅಖಂಡವೆಂಬ ಭ್ರಮೆಗೆ ಎಡೆಯಾಗುತ್ತದೆ. ‘ಪಾರ್ಷಿಯಲ್-ಡಿರ್’ ಅಪೂರ್ಣ ಭಾಗವನ್ನು ಪ್ರತ್ಯೇಕವಾಗಿ ಇರಿಸುವುದರಿಂದ ಅದೇ ಶ್ರೇಯಸ್ಕರ.

ಕೊನೆಯದಾಗಿ, ಎರಡೂ ಕಡೆಗಳಲ್ಲಿ ಎಸ್‌ಎಚ್‌ಎ-256 ಮೊತ್ತವನ್ನು ತೆಗೆದು ಹೋಲಿಸಬೇಕು. ಅವು ಸರಿಹೊಂದುವವರೆಗೆ ಮೂಲಚಿತ್ರವನ್ನು ಅಳಿಸಬಾರದು. ಓಲೆಯ ಕಟ್ಟನ್ನು ಒಡೆಯರಿಗೆ ಹಿಂದಿರುಗಿಸುವುದಕ್ಕೂ ಅವಸರಪಡಬಾರದು. ಇಂದು ಅಂಚು ಮುರಿಯುತ್ತಿರುವ ಗರಿಯು ಮತ್ತೊಮ್ಮೆ ಚಿತ್ರಕ್ಕೆ ದೊರೆಯುವುದೆಂಬ ಭರವಸೆಯಿಲ್ಲ.