‘ಬ್ಯಾಂಕ್’ ಎಂಬ ಶಬ್ದ

ಇಂಗ್ಲಿಷಿನ ಕೆಲವು ಶಬ್ದಗಳು ನಮ್ಮ ಮನೆಮಾತಿನಲ್ಲಿ ಸೇರಿಹೋಗಿ, ತಾವು ಪರದೇಶದವು ಎಂಬುದನ್ನೇ ಮರೆಸಿಬಿಟ್ಟಿರುವುವು. ‘ಬ್ಯಾಂಕ್’ ಅಂಥವುಗಳಲ್ಲೊಂದು. ಅಕ್ಷರ ಬಾರದ ಅಜ್ಜಿಯೂ ‘ಬ್ಯಾಂಕಿನಾಗ ರೊಕ್ಕ ಇಟ್ಟೀನಿ’ ಎನ್ನುವಳು. ಆದರೆ ಈ ಶಬ್ದಕ್ಕೆ ಹೊಳೆಯ ದಂಡೆ ಎಂಬ ಇನ್ನೊಂದರ್ಥವೂ ಉಂಟು. ಎರಡು ಹೊಳೆಗಳ ನಡುವೆ ಬಾಳುವ ನಮ್ಮ ರಾಯಚೂರು ಸೀಮೆಯವರಿಗೆ ಗದ್ದೆಯ ನೀರೂ ಮಳೆಗಾಲದ ಭಯವೂ ಈ ಎರಡನೆಯ ಅರ್ಥದ ಮೂಲಕವೇ ಬರುವುದರಿಂದ, ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ಮಾನ್ವಿಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ‘ತುಂಗಭದ್ರಾ ಲೆಫ್ಟ್ ಬ್ಯಾಂಕ್ ಕೆನಾಲ್’ ಎಂಬುದನ್ನು ಕನ್ನಡಿಸಲು ಹೇಳಿದೆ. ಒಬ್ಬ ಹುಡುಗನು ‘ತುಂಗಭದ್ರಾ ಬ್ಯಾಂಕಿನ ಎಡಗಡೆಯ ಕಾಲುವೆ’ ಎಂದು ಬರೆದನು. ತರಗತಿಯೆಲ್ಲ ನಕ್ಕಿತು. ಆದರೆ ಹುಡುಗನದು ತೀರ ಅಸಂಬದ್ಧವಾದ ಉತ್ತರವೇನೂ ಆಗಿರಲಿಲ್ಲ. ತುಂಗಭದ್ರಾ ಗ್ರಾಮೀಣ ಬ್ಯಾಂಕು ಎಂಬ ಸಂಸ್ಥೆಯು 2005ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾಗುವವರೆಗೂ ನಮ್ಮ ಜಿಲ್ಲೆಯಲ್ಲಿ ಇದ್ದೇ ಇತ್ತಷ್ಟೆ! ಅವನ ತಂದೆ ಸಾಲ ತರುತ್ತಿದ್ದುದು ಆ ಬ್ಯಾಂಕಿನಿಂದ, ನೀರು ತರುತ್ತಿದ್ದುದು ಈ ಬ್ಯಾಂಕಿನಿಂದ.

ಈ ಎರಡು ಅರ್ಥಗಳು ದಾಯಾದಿಗಳೇ ಹೊರತು ಪರಕೀಯರಲ್ಲ. ಜರ್ಮಾನಿಕ ಕುಲದ ಭಾಷೆಗಳಲ್ಲಿ ಕೂಡುವ ಹಲಗೆಗೂ ಎತ್ತರವಾದ ಮಣ್ಣಿನ ದಿಣ್ಣೆಗೂ ಸಂಬಂಧಿಸಿದ ಒಂದೇ ಮೂಲವಿದೆ. ದಿಣ್ಣೆಯ ಅರ್ಥವು ಹೊಳೆಗೆ ಹೋಯಿತು. ಹಲಗೆಯ ಅರ್ಥವು ಇಟಲಿಗೆ ಹೋಗಿ, ನಾಣ್ಯ ವಿನಿಮಯ ಮಾಡುವ ಶರಾಫನ ಮೇಜಿನ ಹೆಸರಾಗಿ, ಅಲ್ಲಿಂದ ಹಣದ ಬ್ಯಾಂಕಾಯಿತು. ದಿವಾಳಿಗೆ ಇಂಗ್ಲಿಷರು ಹೇಳುವ ‘ಬ್ಯಾಂಕ್ರಪ್ಟ್’ ಎಂಬುದು ಮುರಿದ ಹಲಗೆ ಎಂಬರ್ಥದ ಇಟಲಿಯ ಮಾತಿನಿಂದ ಬಂದುದು. ‘ಬೆಂಚು’ ಸಹ ಇದೇ ಮನೆತನದ್ದು. ನಮ್ಮ ಶಾಲೆಯ ಹುಡುಗರು ಕೂಡುವ ಬೆಂಚಿನಿಂದ ಹಿಡಿದು ನಮ್ಮ ಜಿಲ್ಲೆಯ ಮೊಕದ್ದಮೆಗಳು ಹೋಗುವ ಕಲಬುರಗಿಯ ಹೈಕೋರ್ಟ್ ಪೀಠದವರೆಗೆ ಅದರ ವ್ಯಾಪ್ತಿ.

ಇದನ್ನು ಕೇಳಿ ಇಂಗ್ಲಿಷಿನ ವೈಚಿತ್ರ್ಯವೆಂದು ಬೆರಗಾಗಬೇಕಾಗಿಲ್ಲ. ನಮ್ಮ ‘ಕಟ್ಟೆ’ಯನ್ನೇ ನೋಡಿರಿ. ಅರಳಿಕಟ್ಟೆ ಕೂಡುವುದಕ್ಕೆ, ಕೆರೆಕಟ್ಟೆ ನೀರು ತಡೆಯುವುದಕ್ಕೆ. ಕಟ್ಟೆಯ ಮೇಲೆ ಕುಳಿತು ಲೇವಾದೇವಿ ಮಾಡಿದ ಸಾಹುಕಾರರೂ ಇರಲಿಲ್ಲವೆಂದಲ್ಲ. ಹೆಸರು ಮಾತ್ರ ಹಣದವರೆಗೆ ಬೆಳೆಯಲಿಲ್ಲ. ನಮ್ಮ ವರ್ತಕರ ವ್ಯವಹಾರಕ್ಕೆ ‘ಗಾದಿ’ ಎಂಬ ಬೇರೆ ಆಸನವೇ ಹೆಸರು ಕೊಟ್ಟಿತು.

ಹೊಳೆಯ ಬ್ಯಾಂಕಿಗೆ ಪರ್ಯಾಯ ಪದಗಳನ್ನು ಹುಡುಕಹೊರಟರೆ ನಮಗೆ ದಾರಿದ್ರ್ಯವಿಲ್ಲ. ಅಮರಕೋಶವು ಕೂಲ, ರೋಧಸ್, ತೀರ, ಪ್ರತೀರ, ತಟ ಎಂದು ಐದನ್ನು ಒಂದೇ ಉಸಿರಿನಲ್ಲಿ ಹೇಳುವುದು. ಇವೆಲ್ಲ ಒಂದೇ ಎಂದು ಬಾಲಕರು ಬಾಯಿಪಾಠ ಮಾಡುವರು. ಆದರೆ ಒಂದೊಂದಕ್ಕೂ ಒಂದೊಂದು ದೃಷ್ಟಿಯುಂಟು. ‘ತೀರ’ವು ದಾಟುವುದೆಂಬ ಧಾತುವಿನಿಂದ ಬಂದುದು, ದೋಣಿಗಾರನ ದಂಡೆ, ‘ತೀರ್ಥ’ವು ಅದರ ಒಡಹುಟ್ಟು. ‘ರೋಧಸ್ಸು’ ನೀರನ್ನು ತಡೆಯುವಂಥದು, ಬೇಸಾಯಗಾರನ ದಂಡೆ. ‘ಕೂಲ’ದ ಉದ್ದಕ್ಕೂ ಹರಿಯುವುದು ಅನುಕೂಲ, ಕೂಲಕ್ಕೆ ವಿರುದ್ಧವಾಗಿ ಹೊರಟುದು ಪ್ರತಿಕೂಲ. ‘ನಿಮಗೆ ಅನುಕೂಲವಾದಾಗ ಬನ್ನಿರಿ’ ಎಂದು ಬೀಗರಿಗೆ ಕಾಗದ ಬರೆಯುವ ಗೃಹಿಣಿಯು ತನಗೆ ತಿಳಿಯದೆಯೇ ಹೊಳೆಯ ದಂಡೆಯೊಂದನ್ನು ಅದರಲ್ಲಿ ಬರೆದಿರುವಳು. ದಂಡೆಯ ಮೇಲೆ ನಿಂತು ನೀರಿಗಿಳಿಯದವನು ‘ತಟಸ್ಥ’. ಆಚೆಯ ದಂಡೆ ‘ಪಾರ’, ಈಚೆಯದು ‘ಅವಾರ’. ಪಾರವನ್ನು ಮುಟ್ಟಿದವನು ಪಾರಂಗತ, ಅಲ್ಲಿಗೆ ಹೊರಟ ನಡೆಯೇ ಪಾರಾಯಣ.

ಅಚ್ಚಗನ್ನಡದ ದಡ, ದಂಡೆ, ಏರಿ, ಅಂಚುಗಳೂ ಹೀಗೆಯೇ. ಮುಳುಗುವವನು ಸೇರುವುದು ದಡವನ್ನು. ಹೊಲದವನು ಕೇಳುವುದು ಏರಿಯನ್ನು. ಹೆಣ್ಣುಮಕ್ಕಳು ಮುಡಿಯುವ ಹೂವಿನ ಸರವೂ ದಂಡೆಯೇ.

ಹಣದ ಬ್ಯಾಂಕಿನ ಪರ್ಯಾಯಗಳನ್ನು ಬೇಗನೆ ಮುಗಿಸೋಣ. ರಕ್ತದ ಬ್ಯಾಂಕಿಗೆ ರಕ್ತನಿಧಿ ಎನ್ನುವುದು ಚೆನ್ನಾಗಿದೆ. ಆದರೆ ಬ್ಯಾಂಕಿಗೆ ‘ಧನಾಗಾರ’ವೆಂದರೆ ನಮ್ಮ ಸಂತೆಯಲ್ಲಿ ಯಾರೂ ದಾರಿ ತೋರಿಸಲಾರರು. 1941ರಲ್ಲಿ ನಿಜಾಮರ ಕಾಲಕ್ಕೆ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋದರೂ ಹೆಸರು ಹಿರಿಯರ ಬಾಯಲ್ಲಿ ಉಳಿದಿದೆ. ಬಂದ ಶಬ್ದವು ಕೆಲಸ ಮಾಡುತ್ತಿರುವಾಗ ಅದನ್ನು ಓಡಿಸುವುದು ವ್ಯರ್ಥವೆಂದು ನನ್ನ ಮತ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರಿಯಾರೂಪವೂ ಉಂಟು: ರಾತ್ರಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿ ಬೆಳಗಿಗೆ ಕಾಯ್ದಿಡುವುದಕ್ಕೂ ಬ್ಯಾಂಕ್ ಮಾಡುವುದೆಂದೇ ಹೇಳುವರು. ನಮ್ಮ ತಾಯಂದಿರು ಪಾಸ್‌ಬುಕ್ಕಿಲ್ಲದೆ ಈ ಉಳಿತಾಯವನ್ನು ದಿನವೂ ಮಾಡಿದರು.

ಇನ್ನು ಎಡದಂಡೆ, ಬಲದಂಡೆಗಳ ವಿಚಾರ. ಶಾಸನಗಳು ನಮ್ಮ ಸೀಮೆಯನ್ನು ‘ಎಡೆದೊರೆ’ನಾಡೆಂದು ಕರೆದಿವೆ. ಇಲ್ಲಿ ‘ಎಡೆ’ ಎಂದರೆ ನಡುವೆ, ಎಡಗೈಯ ‘ಎಡ’ವಲ್ಲ. ಒಂದೊಂದು ಹೊಳೆಗೆ ಎಡಬಲಗಳನ್ನು ನಿರ್ಣಯಿಸಲು, ನೀರು ಹರಿದುಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಹಾಗೆ ನಿಂತರೆ ತುಂಗಭದ್ರೆಗೆ ಮಾನ್ವಿಯು ಎಡಕ್ಕಾಗುವುದು, ಕೃಷ್ಣೆಗೆ ದೇವದುರ್ಗವು ಬಲಕ್ಕಾಗುವುದು. ನಡುವಣ ರಾಯಚೂರು ಪಟ್ಟಣವು ಏಕಕಾಲಕ್ಕೆ ಒಬ್ಬಳ ಎಡಮಗ್ಗುಲಿಗೂ ಇನ್ನೊಬ್ಬಳ ಬಲಮಗ್ಗುಲಿಗೂ ಸೇರಿದುದು.

ಹಿಂದೆ ಈ ಎಡಬಲಗಳು ಬೇರೆ ಬೇರೆ ರಾಜ್ಯಗಳೇ ಆಗಿದ್ದುವು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿ ಎರಡು ಅಡಿಗಲ್ಲುಗಳನ್ನಿಟ್ಟರು. ಎಡಕ್ಕೆ ಹೈದರಾಬಾದ್ ಸಂಸ್ಥಾನದವರದು, ಬಲಕ್ಕೆ ಮದ್ರಾಸಿನವರದು. ಆ ಎಡದಂಡೆಯ ಕಾಲುವೆಯೇ ಇಂದು ಮಾನ್ವಿ, ರಾಯಚೂರುಗಳ ಹೊಲಗಳಿಗೆ ಬರುವುದು, ಅಥವಾ ಬರಬೇಕಾದುದು. ಕೊನೆಭಾಗದ ರೈತನಿಗೆ ನೀರು ಮುಟ್ಟುವ ಹೊತ್ತಿಗೆ ಎಷ್ಟೋ ವರ್ಷ ಬತ್ತದ ಪೈರು ಬಾಡಿರುವುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಎರಡು ದಂಡೆಗಳಲ್ಲಿಯೂ ತಟಸ್ಥನಾಗಿರಬಲ್ಲ ಬೇಸಾಯಗಾರನು ಒಬ್ಬನೂ ಇರಲಿಲ್ಲ.

ದೇವದುರ್ಗದ ಕಡೆ ಕಷ್ಟವು ಬೇರೆ ವಿಧದ್ದು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಹೂವಿನಹೆಡಗಿಯ ಸೇತುವೆ ಮುಳುಗುವುದು. ಆಗ ‘ಬಲದಂಡೆಯ ಗ್ರಾಮಸ್ಥರು ಎಚ್ಚರದಿಂದಿರಬೇಕು’ ಎಂಬ ಪ್ರಕಟಣೆ ಬಂದರೆ, ಪ್ರವಾಹಕ್ಕೆ ಎದುರಾಗಿ ನಿಂತು ಓದಿದವನಿಗೆ ಅಪಾಯವು ಶಹಾಪುರದ ಕಡೆಯವರದೆಂದು ತೋರೀತು. ಆದುದರಿಂದ ಇಂಥ ಪ್ರಕಟಣೆಗಳಲ್ಲಿ ಎಡಬಲಗಳ ಜೊತೆಗೆ ‘ದೇವದುರ್ಗದ ಕಡೆಯ ದಂಡೆ’ ಎಂದು ಊರಿನ ಹೆಸರನ್ನೂ ಸೇರಿಸುವುದು ಅಗತ್ಯ.

ರಾಯಚೂರು ತಾಲೂಕಿನ ಕುರ್ವಕುಲಾ ಮೊದಲಾದ ನಡುಗಡ್ಡೆಗಳ ಜನರಿಗಾದರೋ ಈ ಲೆಕ್ಕವೇ ಸಲ್ಲದು. ಅವರಿಗೆ ಕೃಷ್ಣೆಯ ಎರಡು ದಂಡೆಗಳೂ ಪಾರವೇ. ಅವಾರವೆಂಬುದು ಕಾಲ ಕೆಳಗಿನ ನೆಲವೊಂದೇ, ಮತ್ತು ಹೊಳೆ ಏರಿದ ದಿನ ಅದೂ ಸಣ್ಣದಾಗುತ್ತ ಹೋಗುವುದು.