ಕುಡಿತ ಬಿಡಿಸುವ ಮಾತ್ರೆ ಮೆದುಳಿಗೆ ತಲುಪುವುದು ಹೇಗೆ? ಊಟದಲ್ಲಿ ಗುಟ್ಟಾಗಿ ಬೆರೆಸಿದರೆ ಏನು ಅಪಾಯ?

‘ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಔಷಧಿ ಇದೆಯಾ?’ ಪುಣೆಯಿರಲಿ, ಬೆಂಗಳೂರಿರಲಿ, ಕುಡಿತದಿಂದ ನೊಂದ ಮನೆಯವರು ಕೇಳುವ ಪ್ರಶ್ನೆ ಇದು. ಉತ್ತರ ಬೇಕಾದರೆ ಈ ಮಾತ್ರೆಗಳು ದೇಹದಲ್ಲಿ ಹಿಡಿಯುವ ದಾರಿಯನ್ನು ನೋಡಬೇಕು.

ಮೆದುಳಿಗಿದೆ ಕಾವಲು

ನುಂಗಿದ ಮಾತ್ರೆ ಕರುಳಿನಿಂದ ಲಿವರ್ ಮೂಲಕ ಹಾದು ರಕ್ತದಲ್ಲಿ ಹರಡುತ್ತದೆ. ಆದರೆ ರಕ್ತದಲ್ಲಿರುವುದೆಲ್ಲ ಮೆದುಳಿಗೆ ಹೋಗುವುದಿಲ್ಲ. ಮೆದುಳಿನ ಸಣ್ಣ ರಕ್ತನಾಳಗಳ ಕೋಶಗಳು ಒತ್ತೊತ್ತಾಗಿ ಸೇರಿ ತಡೆಗೋಡೆಯಂತೆ ಕೆಲಸ ಮಾಡುತ್ತವೆ. ಮದ್ಯದ ಅಣು ತೀರಾ ಚಿಕ್ಕದಾದ್ದರಿಂದ ಈ ಗೋಡೆಯನ್ನು ಸಲೀಸಾಗಿ ದಾಟುತ್ತದೆ. ಔಷಧಿಗಳ ಕಥೆ ಬೇರೆ.

ಮೂರು ಮಾತ್ರೆ, ಮೂರು ದಾರಿ

ನಾಲ್ಟ್ರೆಕ್ಸೋನ್: ಕೊಬ್ಬಿನಲ್ಲಿ ಕರಗುವ ಗುಣವಿರುವುದರಿಂದ ಗೋಡೆ ದಾಟುತ್ತದೆ. ಕುಡಿದಾಗ ಸಿಗುವ ‘ಖುಷಿ’ಗೆ ಕಾರಣವಾಗುವ ಓಪಿಯಾಯ್ಡ್ ಗ್ರಾಹಕಗಳನ್ನು ಮುಚ್ಚುತ್ತದೆ. ಓಪಿಯಾಯ್ಡ್ ನೋವುನಿವಾರಕ ತೆಗೆದುಕೊಳ್ಳುವವರಿಗೆ ಇದು ಸಲ್ಲದು.

ಅಕ್ಯಾಂಪ್ರೊಸೇಟ್: ನುಂಗಿದ್ದರಲ್ಲಿ ಸುಮಾರು ಶೇ 11ರಷ್ಟು ಮಾತ್ರ ರಕ್ತ ಸೇರುತ್ತದೆ, ಅದರಲ್ಲೂ ಅಲ್ಪ ಭಾಗವಷ್ಟೇ ಮೆದುಳಿಗೆ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ 3 ಬಾರಿ ಕೊಡುತ್ತಾರೆ. ಕುಡಿತ ಬಿಟ್ಟ ಮೇಲೆ ಕೆರಳಿರುವ ಮೆದುಳನ್ನು ಶಾಂತಗೊಳಿಸುತ್ತದೆ ಎನ್ನಲಾಗಿದೆ. ಇದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೊದಲು ಅದರ ತಪಾಸಣೆ ಬೇಕು.

ಡೈಸಲ್ಫಿರಾಮ್: ಇದರ ಮುಖ್ಯ ಕೆಲಸ ನಡೆಯುವುದು ಮೆದುಳಿನಲ್ಲಲ್ಲ, ಲಿವರ್‌ನಲ್ಲಿ. ಮದ್ಯ ಒಡೆದಾಗ ಹುಟ್ಟುವ ಅಸೆಟಾಲ್ಡಿಹೈಡ್ ಎಂಬ ವಿಷವಸ್ತುವನ್ನು ಕರಗಿಸುವ ಕಿಣ್ವವನ್ನು ಇದು ತಡೆಯುತ್ತದೆ. ಆಮೇಲೆ ಕುಡಿದರೆ ಮುಖ ಕೆಂಪೇರುವುದು, ವಾಂತಿ, ಎದೆಬಡಿತ ಶುರು. ಕುಡಿಯಲು ಹೆದರಿಕೆಯಾಗಲಿ ಎಂಬುದೇ ಇದರ ಲೆಕ್ಕ.

ಗುಟ್ಟಾಗಿ ಯಾಕೆ ಕೊಡಬಾರದು?

ಮಾತ್ರೆ ತಿಂದದ್ದು ಗೊತ್ತಿಲ್ಲದವರು ಎಂದಿನಂತೆ ಕುಡಿಯುತ್ತಾರೆ. ಆಗ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು 14 ದಿನ ಈ ಅಪಾಯ ಇರುತ್ತದೆ. ಮದ್ಯಾಂಶವಿರುವ ಕೆಮ್ಮಿನ ಸಿರಪ್ ಕೂಡ ತೊಂದರೆ ಕೊಡಬಹುದು. ಇನ್ನು, ದಿನವೂ ಹೆಚ್ಚು ಕುಡಿಯುವವರು ವೈದ್ಯರನ್ನು ಕೇಳದೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಮಾತ್ರೆಯ ಜೊತೆಗೆ ಮಾತೂ ಬೇಕು

ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಮರಾಠಿ ಲೇಖಕ ಅನಿಲ್ ಅವಚಟ್ ದಂಪತಿ ಆರಂಭಿಸಿದ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರವು ಆಪ್ತಸಮಾಲೋಚನೆಗೆ ಹೆಸರಾಗಿದೆ. ಯಾವ ಮಾತ್ರೆಯೂ ಒಂಟಿಯಾಗಿ ಕುಡಿತ ಬಿಡಿಸದು. ಕುಡಿಯುವವರ ಒಪ್ಪಿಗೆ, ವೈದ್ಯರ ನಿಗಾ, ಮನೆಯವರ ಜೊತೆ ಮೂರೂ ಬೇಕು.

ನಿಮ್ಮ ಮನೆಯಲ್ಲೂ ಈ ಸಮಸ್ಯೆ ಇದ್ದರೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.